ಟೋನ್‌ಆರ್ಮ್‌ಗೆ ಹೊಸ ತಂತಿ: ಬೆಳ್ಳಿಗಿಂತ ಮೊದಲು ಮಲ್ಟಿಮೀಟರ್

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ದೊಡ್ಡಪ್ಪ 80ರ ದಶಕದಲ್ಲಿ ಗಲ್ಫಿನಿಂದ ತಂದಿದ್ದ ಜಪಾನಿ ರೆಕಾರ್ಡ್ ಪ್ಲೇಯರನ್ನು ಅಟ್ಟದಿಂದ ಇಳಿಸಿದ್ದೇನೆ. ಎಸ್ ಆಕಾರದ ಟೋನ್‌ಆರ್ಮ್ (ಸೂಜಿಯನ್ನು ಹೊತ್ತಿರುವ ತೋಳು), ಅದರ ತುದಿಯಲ್ಲಿ ಬಿಚ್ಚಿ ತೆಗೆಯಬಹುದಾದ ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತಲೆ). ರೆಕಾರ್ಡ್ ಮುಗಿದಾಗ ಆರ್ಮ್ ತಾನಾಗಿ ಎದ್ದು ಜಾಗಕ್ಕೆ ಬರುತ್ತದೆ. ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್, ಅಂದರೆ ಸೂಜಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ, ಹೊಸದಾಗಿ ಹಾಕಿದೆ. ಎಡಗಡೆಯ ಸ್ಪೀಕರ್ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಜೊತೆಗೆ ಗುಂಯ್ ಎಂಬ ಸದ್ದು. ಆರ್ಮನ್ನು ಬೆರಳಿನಿಂದ ಮುಟ್ಟಿದರೆ ಸದ್ದು ತಗ್ಗುತ್ತದೆ. ಇಡೀ ಆರ್ಮಿಗೆ ಬೆಳ್ಳಿ ತಂತಿ ಹಾಕಿಸಬೇಕೆಂದು ಒಬ್ಬರು ಹೇಳಿದರು. ನನ್ನ ಕೈಯಲ್ಲಿರುವುದು ಮೂರು ಸಾವಿರ ರೂಪಾಯಿ. ಸೋಲ್ಡರಿಂಗ್ ಸ್ವಲ್ಪ ಬರುತ್ತದೆ. ನಾನೇ ಮಾಡಬಹುದೇ?

ಉತ್ತರ: ಮಾಡಬಹುದು, ಬೆಳ್ಳಿ ತಂತಿಯ ಗೊಡವೆಯೂ ಬೇಡ. ಆದರೆ ನೀವು ಬರೆದಿರುವುದು ಒಂದು ದೋಷವಲ್ಲ, ಎರಡು. ಎಡ ಚಾನೆಲ್ ಬಂದು ಹೋಗುವುದು ಸಿಗ್ನಲ್ ಹೋಗುವ ದಾರಿಯಲ್ಲಿ ಎಲ್ಲೋ ಸಂಪರ್ಕ ಸಡಿಲವಾಗಿದೆ ಎಂಬುದರ ಲಕ್ಷಣ. ಬೆರಳು ತಾಗಿದಾಗ ಗುಂಯ್ ಸದ್ದು ತಗ್ಗುವುದು ಆರ್ಮಿನ ಲೋಹಕ್ಕೆ ಅರ್ತ್ ಸಿಗುತ್ತಿಲ್ಲ ಎಂಬುದರ ಲಕ್ಷಣ. ಎರಡಕ್ಕೂ ತಂತಿ ಬೇರೆ ಬೇರೆ. ಆರ್ಮಿನ ಕೊಳವೆಯ ಒಳಗೆ ತಂತಿ ತುಂಡಾಗುವುದು ಅಪರೂಪ, ಯಾಕೆಂದರೆ ಅಲ್ಲಿ ಅದು ಅಲುಗುವುದೇ ಇಲ್ಲ. ತಂತಿ ಸಾಯುವುದು ಬಾಗುವ ಕಡೆ ಮತ್ತು ಬೆಸುಗೆಯ ಬುಡದಲ್ಲಿ. ನಮ್ಮ ಕಡೆಯ ಹವೆಯಲ್ಲಿ ಇನ್ನೊಂದು ಜಾಗವೂ ಸೇರಿಕೊಳ್ಳುತ್ತದೆ: ಲೋಹಕ್ಕೆ ಲೋಹ ಬರೀ ತಾಗಿ ನಿಂತಿರುವ ಕಡೆ. ನಾಲ್ಕು ತಿಂಗಳ ಮಳೆ, ಸಮುದ್ರದ ಉಪ್ಪುಗಾಳಿ, ಅಟ್ಟದ ತೇವ ಸೇರಿದರೆ ಹಿತ್ತಾಳೆಯ ಪಿನ್ನುಗಳು ಹಸಿರುಗಟ್ಟಲು ಬೇರೇನೂ ಬೇಕಿಲ್ಲ.

ಸಿಗ್ನಲ್‌ನ ದಾರಿ ಇಷ್ಟು: ಕಾರ್ಟ್ರಿಜ್‌ನ ಹಿಂದಿನ ನಾಲ್ಕು ಪಿನ್, ಅವಕ್ಕೆ ಸಿಕ್ಕಿಸಿದ ಕ್ಲಿಪ್, ಹೆಡ್‌ಶೆಲ್ಲಿನೊಳಗಿನ ನಾಲ್ಕು ಗಿಡ್ಡ ತಂತಿ, ಹೆಡ್‌ಶೆಲ್ ಆರ್ಮಿಗೆ ಕೂಡುವಲ್ಲಿ ಸ್ಪ್ರಿಂಗ್ ಇರುವ ನಾಲ್ಕು ಪಿನ್, ಕೊಳವೆಯೊಳಗಿನ ತಂತಿ, ಪಿವಟ್ (ಆರ್ಮ್ ತಿರುಗುವ ಕೀಲು) ದಾಟಿ ಕೆಳಗಿಳಿಯುವ ತುಣುಕು, ಪ್ಲೇಯರಿನ ಅಡಿಯಲ್ಲಿರುವ ಟರ್ಮಿನಲ್ ಪಟ್ಟಿ, ಆಟೊಮ್ಯಾಟಿಕ್ ಪ್ಲೇಯರ್ ಆದರೆ ಸಾಮಾನ್ಯವಾಗಿ ಒಂದು ಮ್ಯೂಟಿಂಗ್ ಸ್ವಿಚ್, ಕೊನೆಗೆ ಹೊರಬರುವ ಕೇಬಲ್ ಮತ್ತು ಅದರ ಆರ್‌ಸಿಎ ಪಿನ್ (ಆಂಪ್ಲಿಫೈಯರಿಗೆ ಸಿಕ್ಕಿಸುವ ಪ್ಲಗ್). ಇಡೀ ಆರ್ಮನ್ನು ರಿವೈರ್ ಮಾಡುವುದೆಂದರೆ ಇವಿಷ್ಟನ್ನೂ ಬಿಚ್ಚುವುದು. ಇವುಗಳಲ್ಲಿ ಕೆಟ್ಟದ್ದು ಯಾವುದೆಂದು ಪತ್ತೆ ಮಾಡಲು ಅರ್ಧ ಗಂಟೆ ಸಾಕು.

ಆಂಪ್ಲಿಫೈಯರ್ ಆಫ್ ಮಾಡಿ ಅದರ ಹಿಂದೆ ಎಡ-ಬಲ ಆರ್‌ಸಿಎಗಳನ್ನು ಅದಲು ಬದಲು ಮಾಡಿ. ಈಗಲೂ ಎಡ ಸ್ಪೀಕರೇ ಕೈಕೊಟ್ಟರೆ ಪ್ಲೇಯರಿನ ತಪ್ಪಿಲ್ಲ, ಆಂಪ್ಲಿಫೈಯರನ್ನೋ ಸ್ಪೀಕರ್ ವಯರನ್ನೋ ನೋಡಿ. ದೋಷ ಬಲಕ್ಕೆ ಹೋದರೆ ಪ್ಲೇಯರಿನ ಕಡೆಯದ್ದು. ಆರ್‌ಸಿಎಗಳನ್ನು ಮೊದಲಿನಂತೆ ಹಾಕಿ ಕಾರ್ಟ್ರಿಜ್‌ಗೆ ಬನ್ನಿ. ಅಲ್ಲಿನ ಬಣ್ಣಗಳು ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ: ಬಿಳಿ ಎಡ ಸಿಗ್ನಲ್, ನೀಲಿ ಎಡದ ಗ್ರೌಂಡ್, ಕೆಂಪು ಬಲ ಸಿಗ್ನಲ್, ಹಸಿರು ಬಲದ ಗ್ರೌಂಡ್. ಬಿಳಿ-ನೀಲಿ ಜೋಡಿಯನ್ನು ಬಲದ ಪಿನ್ನುಗಳಿಗೂ ಕೆಂಪು-ಹಸಿರು ಜೋಡಿಯನ್ನು ಎಡದ ಪಿನ್ನುಗಳಿಗೂ ಹಾಕಿ ನೋಡಿ. ದೋಷ ಬಲ ಸ್ಪೀಕರಿಗೆ ಹಾರಿದರೆ ಕಾರ್ಟ್ರಿಜ್ ಕೆಟ್ಟಿದೆ, ಎಡದಲ್ಲೇ ಉಳಿದರೆ ತಂತಿಯ ಸಮಸ್ಯೆ. ಕ್ಲಿಪ್ ತೆಗೆಯುವಾಗ ತಂತಿ ಹಿಡಿದು ಎಳೆಯಬೇಡಿ, ಚಿಮುಟದಿಂದ ಕ್ಲಿಪ್ಪಿನ ಮೈಯನ್ನೇ ಹಿಡಿಯಿರಿ. ಒಳ್ಳೆಯ ಹೆಡ್‌ಶೆಲ್ ತಂತಿಗಳು ಹಾಳಾಗುವುದು ಹೆಚ್ಚಾಗಿ ಇಂಥ ಪರೀಕ್ಷೆಯ ಹೊತ್ತಿನಲ್ಲೇ.

ಇನ್ನೊಂದು ದಾರಿ ಮಲ್ಟಿಮೀಟರ್. ವಿಎಂ95ಇ ಕಾರ್ಟ್ರಿಜ್‌ನ ಒಂದೊಂದು ಕಾಯಿಲಿನ ಡಿಸಿ ರೆಸಿಸ್ಟೆನ್ಸ್ 485 ಓಮ್. ಆರ್‌ಸಿಎಗಳನ್ನು ಆಂಪ್ಲಿಫೈಯರಿನಿಂದ ತೆಗೆದು, ಡಿಜಿಟಲ್ ಮೀಟರನ್ನು 2 ಕಿಲೊಓಮ್‌ಗೆ ಇಟ್ಟು, ಒಂದೊಂದು ಆರ್‌ಸಿಎಯ ನಡುವಿನ ಪಿನ್ ಮತ್ತು ಹೊರ ಸುತ್ತಿನ ನಡುವೆ ಅಳೆಯಿರಿ. ಎರಡೂ ಕಡೆ 480-490ರ ಆಸುಪಾಸು ಬರಬೇಕು. ಮೀಟರ್ ಹಚ್ಚಿಯೇ ಇಟ್ಟು ಹೆಡ್‌ಶೆಲ್ಲಿನ ಕಾಲರನ್ನು ಸ್ವಲ್ಪ ಅಲುಗಿಸಿ, ಆರ್ಮನ್ನು ಒಳಗೆ ಹೊರಗೆ ಆಡಿಸಿ, ಕೇಬಲ್ ಪ್ಲೇಯರಿನಿಂದ ಹೊರಬರುವಲ್ಲಿ ಬಾಗಿಸಿ. ಯಾವುದನ್ನು ಮುಟ್ಟಿದಾಗ ಅಂಕಿ ಹಾರುತ್ತದೋ ಅಲ್ಲಿದೆ ದೋಷ. ಇದು ನಿಮ್ಮದರಂತೆ ಎಂಎಂ (ಆಯಸ್ಕಾಂತ ಅಲುಗುವ) ಬಗೆಯ ಕಾರ್ಟ್ರಿಜ್‌ಗೆ ಮಾತ್ರ ಹೇಳಿದ್ದು. ಎಂಸಿ (ಕಾಯಿಲೇ ಅಲುಗುವ ಬಗೆ) ಆದರೆ ಕಾಯಿಲ್ ತೀರಾ ಸೂಕ್ಷ್ಮ, ಮೀಟರ್ ತಾಗಿಸಲೇಬೇಡಿ.

ಕಾಲರ್ ಅಲುಗಿಸಿದಾಗ ಅಂಕಿ ಹಾರಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಹೆಡ್‌ಶೆಲ್ ಬಿಚ್ಚಿ, ಅದರ ಹಿಂಬದಿಯ ನಾಲ್ಕು ಚುಕ್ಕೆಗಳನ್ನೂ ಆರ್ಮಿನ ಬಾಯಲ್ಲಿರುವ ನಾಲ್ಕು ಪಿನ್ನುಗಳನ್ನೂ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಉಜ್ಜಿ. ಹಸಿರು ಕಿಲುಬು ಹೋಗದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಪುಡಿಯನ್ನು ಆಲ್ಕೋಹಾಲಿನಲ್ಲಿ ಒರೆಸಿ. ಮರಳು ಕಾಗದ ಬೇಡ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಸಿರುಗಟ್ಟುತ್ತದೆ. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರೂ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪಿನ್ನುಗಳನ್ನು ಬೆಂಕಿಕಡ್ಡಿಯ ತುದಿಯಿಂದ ಒಂದೊಂದಾಗಿ ಒತ್ತಿ ನೋಡಿ. ನಾಲ್ಕೂ ಒಳಗೆ ಹೋಗಿ ಪುಟಿದು ಹೊರಬರಬೇಕು. ಒಳಗೇ ಸಿಕ್ಕಿಕೊಂಡದ್ದಿದ್ದರೆ ಒಂದು ಹನಿ ಆಲ್ಕೋಹಾಲ್ ಬಿಟ್ಟು ಹತ್ತಿಪ್ಪತ್ತು ಸಲ ಒತ್ತಿದರೆ ಸಾಮಾನ್ಯವಾಗಿ ಬಿಡುತ್ತದೆ. ಡಬ್ಲ್ಯುಡಿ-40 ಹೊಡೆಯಬೇಡಿ. ಅದು ಹರಿದು ಬೇರಿಂಗಿಗೆ ಹೋದರೆ ಈಗಿರುವ ಎರಡು ದೋಷದ ಜೊತೆಗೆ ಮೂರನೆಯದು.

ಹೆಡ್‌ಶೆಲ್ಲಿನೊಳಗಿನ ನಾಲ್ಕು ತಂತಿಯ ಸೆಟ್ ರೆಡಿಮೇಡ್ ಸಿಗುತ್ತದೆ, ನಾಲ್ಕೈದು ಸೆಂಟಿಮೀಟರ್ ಉದ್ದ, ಎರಡೂ ತುದಿಗೆ ಕ್ಲಿಪ್. ನಲವತ್ತು ವರ್ಷದ ಹಳೆಯ ಸೆಟ್ ಇದ್ದರೆ ದೋಷವಿರಲಿ ಬಿಡಲಿ ಬದಲಿಸಿಬಿಡಿ. ಖರ್ಚು ಕಡಿಮೆ, ಸೋಲ್ಡರಿಂಗ್ ಇಲ್ಲ. ಕ್ಲಿಪ್ ಸಡಿಲವಾಗಿದ್ದರೆ ಕಾರ್ಟ್ರಿಜ್‌ನಿಂದ ಹೊರತೆಗೆದ ಮೇಲೆ ಚಿಮುಟದಿಂದ ಸ್ವಲ್ಪವೇ ಅಮುಕಿ. ಬಿಗಿಯಾಗಿದ್ದರೆ ಒಂದು ಮರದ ಟೂತ್‌ಪಿಕ್ಕಿನ ಮೊನೆಯಿಂದ ಅಗಲಿಸಿ. ಬಲ ಹಾಕಿ ತಳ್ಳಿದರೆ ಕಾರ್ಟ್ರಿಜ್‌ನ ಪಿನ್ನೇ ಒಳಗೆ ಜಾರಿ ಕಾಯಿಲಿನ ಕೂದಲೆಳೆಯ ತಂತಿ ತುಂಡಾಗುತ್ತದೆ, ಅದಕ್ಕೆ ರಿಪೇರಿಯಿಲ್ಲ.

ಈಗ ಅಡಿಭಾಗ. ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಕರೆಂಟಿನ ಟರ್ಮಿನಲ್‌ಗಳು ಆರ್ಮಿನ ಬುಡದಿಂದ ದೂರವೇನಿರುವುದಿಲ್ಲ. ಮುಚ್ಚಳ, ರಬ್ಬರ್ ಮ್ಯಾಟ್, ತಟ್ಟೆ, ಹೆಡ್‌ಶೆಲ್, ಕೌಂಟರ್‌ವೇಯ್ಟ್ (ಆರ್ಮಿನ ಹಿಂತುದಿಯ ಭಾರ) ಎಲ್ಲವನ್ನೂ ತೆಗೆದು, ಆರ್ಮನ್ನು ಅದರ ಊರುಗೋಲಿಗೆ ದಾರದಿಂದ ಕಟ್ಟಿ, ಪ್ಲೇಯರನ್ನು ದಪ್ಪ ಬೆಡ್‌ಶೀಟಿನ ಮೇಲೆ ಕವುಚಿ ಹಾಕಿ. ಅಡಿಯ ಹಲಗೆ ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ನಾಲ್ಕಾರು ಫೋಟೋ ತೆಗೆದಿಡಿ, ಯಾವ ಬಣ್ಣ ಎಲ್ಲಿಗೆ ಎಂಬುದು ಕಾಣುವ ಹಾಗೆ.

ಆರ್ಮ್ ಎತ್ತುವಾಗ ಇಳಿಸುವಾಗ ಸ್ಪೀಕರಿನಲ್ಲಿ ಠಪ್ ಎನ್ನದಿರಲಿ ಎಂದು ಆಟೊಮ್ಯಾಟಿಕ್ ಪ್ಲೇಯರುಗಳಲ್ಲಿ ಮ್ಯೂಟಿಂಗ್ ಸ್ವಿಚ್ ಇಡುತ್ತಾರೆ. ಅದು ಸಿಗ್ನಲ್ಲನ್ನು ಗ್ರೌಂಡಿಗೆ ಶಾರ್ಟ್ ಮಾಡಿ ಬಾಯಿ ಮುಚ್ಚಿಸುತ್ತದೆ. ಚಾನೆಲಿಗೊಂದು ಜೊತೆ ತೆಳು ಲೋಹದ ಎಲೆಗಳು. ಒಂದು ಜೊತೆ ಬಾಗಿಯೋ ಕಿಲುಬು ಹಿಡಿದೋ ಸರಿಯಾಗಿ ಬಿಡದಿದ್ದರೆ ಆ ಚಾನೆಲ್ ಆಗಾಗ ಮಾಯ. ‘ಒಂದು ಚಾನೆಲ್ ಬಂದು ಹೋಗುತ್ತದೆ, ಪ್ಲೇಯರ್ ಆಟೊಮ್ಯಾಟಿಕ್’ ಎಂದು ಯಾರಾದರೂ ಬರೆದರೆ ಅನುಮಾನ ಮೊದಲು ಹೋಗಬೇಕಾದ್ದು ಇಲ್ಲಿಗೆ. ಸ್ವಿಚ್ಚಿಗೆ ಹೋಗುವ ಎಡ ಸಿಗ್ನಲ್‌ನ ತಂತಿಯನ್ನು ಬೆಸುಗೆ ಬಿಡಿಸಿ ಗಾಳಿಯಲ್ಲಿ ಬಿಡಿ. ಎಡ ಚಾನೆಲ್ ಗಟ್ಟಿಯಾಗಿ ನಿಂತಿತೇ? ಹಾಗಾದರೆ ಕಳ್ಳ ಸಿಕ್ಕಿದ. ಎಲೆಗಳ ನಡುವೆ ಆಲ್ಕೋಹಾಲಿನಲ್ಲಿ ತೋಯಿಸಿದ ದಪ್ಪ ಕಾಗದದ ಪಟ್ಟಿ ಎಳೆದು ಚೊಕ್ಕ ಮಾಡಿ, ಇಲ್ಲವೇ ಸ್ವಿಚ್ಚನ್ನೇ ಬಿಟ್ಟುಬಿಡಿ. ಕಳೆದುಕೊಳ್ಳುವುದೇನಿಲ್ಲ, ಸೂಜಿ ಇಳಿಯುವಾಗ ಒಂದು ಠಪ್ ಕೇಳುತ್ತದೆ ಅಷ್ಟೆ.

ಅಡಿಭಾಗ ತೆರೆದಿರುವಾಗಲೇ ಗುಂಯ್ ಸದ್ದನ್ನೂ ವಿಚಾರಿಸಿ. ನಾಲ್ಕು ಸಿಗ್ನಲ್ ತಂತಿಗಳಲ್ಲದೆ ಐದನೆಯದೊಂದು, ಹೆಚ್ಚಾಗಿ ಕಪ್ಪು, ಆರ್ಮಿನ ಬುಡದ ಲೋಹದಿಂದ ಹೊರಟು ಟರ್ಮಿನಲ್ ಪಟ್ಟಿಗೆ ಬಂದು, ಅಲ್ಲಿಂದ ಯು ಆಕಾರದ ಲಗ್ ಇರುವ ಅರ್ತ್ ವಯರಾಗಿ ಹೊರಗೆ ಹೋಗುತ್ತದೆ. ಮೀಟರನ್ನು ಬೀಪ್ ಮೋಡಿಗೆ ಇಟ್ಟು ಆರ್ಮಿನ ಕೊಳವೆಯಿಂದ ಆ ಲಗ್ಗಿನ ತನಕ ನೋಡಿ. ಕೊಳವೆಯ ಮೇಲ್ಮೈಗೆ ಲೇಪ ಇದ್ದರೆ ಮೀಟರ್ ಕಡ್ಡಿ ಲೋಹಕ್ಕೆ ತಾಗುವುದಿಲ್ಲ, ಹೆಡ್‌ಶೆಲ್ ಕೂರುವ ಬಾಯಿಯ ಒಳ ಅಂಚನ್ನು ಮುಟ್ಟಿಸಿ. ಬೀಪ್ ಬರದಿದ್ದರೆ ಎಲ್ಲಿ ತುಂಡು ಎಂದು ಹಂತ ಹಂತವಾಗಿ ಹುಡುಕಿ. ಹೆಚ್ಚಾಗಿ ಲಗ್ಗಿನ ಬುಡದಲ್ಲೋ, ಆರ್ಮಿನ ಬುಡದ ಸ್ಕ್ರೂ ಕೆಳಗಿನ ತುಕ್ಕಿನಲ್ಲೋ ಇರುತ್ತದೆ. ಸ್ಕ್ರೂ ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿದರೆ ಮುಗಿಯಿತು. ಅರ್ತ್ ಹೋಗಬೇಕಾದ್ದು ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂವಿಗೆ ಮಾತ್ರ. ಗೋಡೆಯ ತ್ರೀ-ಪಿನ್ನಿನ ಅರ್ತಿಗೂ ಸೇರಿಸಿದರೆ ಎರಡು ದಾರಿಯಾಗಿ, ಬೇರೆ ಬಗೆಯ ಗುಂಯ್ ಶುರುವಾಗುತ್ತದೆ.

ಕೊಳವೆಯ ತಂತಿಯೇ ಕೆಟ್ಟಿದ್ದರೆ

ಹೆಡ್‌ಶೆಲ್ ತೆಗೆದು, ಆರ್ಮಿನ ಬಾಯಲ್ಲಿರುವ ನಾಲ್ಕು ಪಿನ್‌ಗಳಿಂದ ಟರ್ಮಿನಲ್ ಪಟ್ಟಿಯ ತನಕ ಒಂದೊಂದನ್ನೂ ಅಳೆಯಿರಿ. ಎಲ್ಲ ಸರಿಯಿದ್ದರೆ 2 ಓಮ್ ಒಳಗೆ ಬರುತ್ತದೆ, ಅದರಲ್ಲೂ ಸ್ವಲ್ಪ ಪಾಲು ಮೀಟರಿನ ವಯರಿನದೇ. ಇಲ್ಲಿ ಒಂದು ದಾರಿ ಕಡಿದಿದ್ದರೆ ಮಾತ್ರ ಕೊಳವೆಗೆ ಕೈ ಹಾಕಿ. ನಾಲ್ಕೂ ಸರಿ ಇದ್ದು ಬರೀ ‘ಸೌಂಡ್ ಇಂಪ್ರೂವ್ ಆಗಲಿ’ ಎಂದು ಬದಲಿಸುವ ಅಗತ್ಯ ಇಲ್ಲ. ಲೆಕ್ಕ ಸರಳ. 34 ಎಡಬ್ಲ್ಯುಜಿ (ತಂತಿಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟು ತಂತಿ ತೆಳು) ತಾಮ್ರದ ತಂತಿ ಮೀಟರಿಗೆ ಸುಮಾರು 0.86 ಓಮ್. ಹೋಗಿ ಬರುವ ದಾರಿ ಸೇರಿ ನಿಮಗೆ ಬೇಕಾದ್ದು ಒಂದು ಮೀಟರ್. ಆ 0.86 ಓಮ್ ನಿಂತಿರುವುದು 485 ಓಮ್‌ನ ಕಾಯಿಲಿನ ಜೊತೆಗೆ, ಆಂಪ್ಲಿಫೈಯರಿನಲ್ಲಿ ರೆಕಾರ್ಡ್ ಪ್ಲೇಯರ್ ಸಿಕ್ಕಿಸುವ 47,000 ಓಮ್‌ನ ಫೋನೊ ಇನ್‌ಪುಟ್ಟಿನ ಎದುರಿಗೆ. ಬೆಳ್ಳಿ ಹಾಕಿದರೆ ಆ 0.86ರಲ್ಲಿ ಶೇ. 6ರಷ್ಟು ತಗ್ಗಬಹುದು. ಅದನ್ನು ಯಾವ ಕಿವಿಯೂ ಹಿಡಿಯಲಾರದು. ಟೋನ್‌ಆರ್ಮಿನ ತಂತಿಯಲ್ಲಿ ದುಡ್ಡು ಕೊಡಬೇಕಾದ್ದು ಮೆದುತನಕ್ಕೆ.

ಆನ್‌ಲೈನಿನಲ್ಲಿ ಟೋನ್‌ಆರ್ಮ್ ತಂತಿ ಎಂದೇ ಮಾರುವ 33ರಿಂದ 36 ಎಡಬ್ಲ್ಯುಜಿಯ ತಾಮ್ರದ ಲಿಟ್ಜ್ ತಂತಿ (ಇನಾಮಲ್ ಲೇಪದ ಹಲವು ಸಣ್ಣ ಎಳೆಗಳನ್ನು ಹೊಸೆದದ್ದು), ನಾಲ್ಕು ಬಣ್ಣದ್ದು, ಉತ್ತಮ. ಒಂದೊಂದು ಬಣ್ಣ 60 ಸೆಂ.ಮೀ. ಇರಲಿ. ಒಂಬತ್ತು ಇಂಚಿನ ಆರ್ಮಿಗೆ 45-50 ಸಾಕು, ಉಳಿದದ್ದು ಕೈತಪ್ಪಿಗೆ.

ಅದೂ ದುಬಾರಿ ಎನಿಸಿದರೆ ಕಾಸರಗೋಡಿನಲ್ಲೇ ಸಿಗುವ ದಾರಿಯೊಂದಿದೆ. ಮೊಬೈಲ್ ರಿಪೇರಿಯವರು ಬೋರ್ಡಿನ ಮೇಲೆ ಜಂಪರ್ ಹಾಕಲು ಬಳಸುವ ಇನಾಮಲ್ ತಂತಿ 0.1 ಮಿ.ಮೀ. ದಪ್ಪದ್ದು ಕೇಳಿ. ಅಂಥ ಮೂರು ಎಳೆಗಳನ್ನು ಹಗುರವಾಗಿ ಹೊಸೆದರೆ ತಾಮ್ರದ ಪ್ರಮಾಣ 34 ಎಡಬ್ಲ್ಯುಜಿಗಿಂತ ತುಸು ಹೆಚ್ಚೇ ಆಗುತ್ತದೆ, ಬಿರುಸು ಮಾತ್ರ 0.16 ಮಿ.ಮೀ.ನ ಒಂಟಿ ತಂತಿಯ ಅರ್ಧಕ್ಕಿಂತ ಕಡಿಮೆ. ನಾಲ್ಕು ತಂತಿಗೆ 12 ಎಳೆ, ಒಟ್ಟು 7.2 ಮೀಟರ್. ಎಲ್ಲವೂ ಒಂದೇ ಬಣ್ಣವಾದ್ದರಿಂದ ತುದಿಗಳಿಗೆ ನಾಲ್ಕು ಬಗೆಯ ನೇಲ್ ಪಾಲಿಶ್ ಹಚ್ಚಿಡಿ. ಪಂಪು ರಿವೈಂಡಿಂಗ್ ಅಂಗಡಿಯ ತಂತಿ ಅಗ್ಗವೇನೋ ಹೌದು, ತೋಟ ಇರುವ ಊರಲ್ಲೆಲ್ಲ ಅಂಥ ಅಂಗಡಿಯೂ ಇರುತ್ತದೆ. ಆದರೆ ಈ ಕೆಲಸಕ್ಕೆ ಆಗದು. ಮೋಟಾರಿನ ಬಿಸಿ ತಡೆಯಲೆಂದು ಹಾಕಿದ ಅದರ ಇನಾಮಲ್ ಬೆಸುಗೆಯ ಬಿಸಿಗೆ ಕರಗುವುದಿಲ್ಲ, ಕೆರೆಯಬೇಕು. ಕೆರೆದ ಗೀರಿನಲ್ಲೇ ತಂತಿ ಮುರಿಯುತ್ತದೆ. ಒಂಟಿ ಎಳೆ ಬೇರೆ, ಪಿವಟ್ಟಿನಲ್ಲಿ ಸ್ಪ್ರಿಂಗಿನಂತೆ ತಳ್ಳುತ್ತದೆ. ಇತ್ತೀಚೆಗೆ ಕೆಲವು ಕಡೆ ಅಲ್ಯುಮಿನಿಯಂ ತಂತಿಯೂ ಬರುತ್ತಿದೆ, ಅದಕ್ಕೆ ಸಾಮಾನ್ಯ ಲೆಡ್ (ಕರಗಿಸಿ ಬೆಸೆಯುವ ಸೋಲ್ಡರ್) ಹಿಡಿಯುವುದೇ ಇಲ್ಲ. ಹಳೆಯ ಇಯರ್‌ಫೋನಿನ ತಂತಿ ಮೆದುವಾಗಿರುತ್ತದೆ, ಆದರೆ ಒಳಗಿನ ನೈಲಾನ್ ಎಳೆ ಸುಟ್ಟು ಬೆಸುಗೆಗೆ ಸೇರುತ್ತದೆ. ತುರ್ತಿಗೆ ಮಾತ್ರ.

ಬೇರಿಂಗ್ ಬಿಚ್ಚಬೇಡಿ. ಅದರ ಮೊನೆಗಳನ್ನು ಕಾರ್ಖಾನೆಯಲ್ಲಿ ಹೊಂದಿಸಿದ್ದು. ಒಮ್ಮೆ ಸಡಿಲಿಸಿದರೆ ಮನೆಯಲ್ಲಿ ಅದೇ ಹದಕ್ಕೆ ತರುವುದು ಕಷ್ಟ. ತಂತಿ ಬದಲಿಸಲು ಅದನ್ನು ಬಿಚ್ಚುವ ಅಗತ್ಯವೂ ಇಲ್ಲ, ಹಳೆಯ ತಂತಿಯೇ ಹೊಸದನ್ನು ಎಳೆದು ತರಬೇಕು.

ಆರ್ಮಿನ ಬಾಯಲ್ಲಿ ನಾಲ್ಕು ಪಿನ್ ಹಿಡಿದಿರುವ ಪ್ಲಾಸ್ಟಿಕ್ ತುಂಡನ್ನು ಒಂದು ಪುಟ್ಟ ಸ್ಕ್ರೂ ಅಥವಾ ಬದಿಯಿಂದ ಹೊಡೆದ ಪಿನ್ ಹಿಡಿದಿರುತ್ತದೆ. ಬಿಚ್ಚುವ ಮುನ್ನ ಕೊಳವೆಯ ಮೇಲೂ ಬಾಯಿಯ ಮೇಲೂ ಒಂದೇ ಗೆರೆಯಲ್ಲಿ ಪೆನ್ಸಿಲ್ ಗುರುತು ಹಾಕಿ. ಮರಳಿ ಕೂರಿಸುವಾಗ ಒಂದೆರಡು ಡಿಗ್ರಿ ತಿರುಗಿದರೂ ಹೆಡ್‌ಶೆಲ್ ಓರೆಯಾಗಿ, ಸೂಜಿ ಗೀರಿನ ಒಂದೇ ಗೋಡೆಗೆ ಒರಗುತ್ತದೆ. ತುಂಡನ್ನು ಒಂದೆರಡು ಸೆಂಟಿಮೀಟರ್ ಮಾತ್ರ ಹೊರಗೆಳೆಯಿರಿ. ಹಳೆಯ ತಂತಿಗಳನ್ನು ಪಿನ್ನಿನ ಬುಡದಲ್ಲಿ ಕತ್ತರಿಸಿ, ಆ ತುದಿಗಳಿಗೆ 0.25 ಮಿ.ಮೀ.ನ ಗಾಳದ ನೈಲಾನ್ ದಾರ ಸೇರಿಸಿ. ಗಂಟು ಹಾಕಬೇಡಿ. ತಂತಿ ಮತ್ತು ದಾರವನ್ನು ಮೂರು ಸೆಂಟಿಮೀಟರ್ ಉದ್ದಕ್ಕೆ ಜೋಡಿಸಿ, ಸೂಪರ್‌ಗ್ಲೂ ಸವರಿ, ಮೇಲೆ ತೆಳು ನೂಲು ಸುತ್ತಿ. ಒಣಗಿದ ಮೇಲೆ ಕೆಳಗಿನಿಂದ ಹಳೆಯ ತಂತಿಯನ್ನು ಮೆಲ್ಲಗೆ ಎಳೆದರೆ ದಾರ ಪೂರ್ತಿ ಒಳಗಿನಿಂದ ಹಾದು ಬರುತ್ತದೆ. ಆಮೇಲೆ ಇದೇ ರೀತಿ ಹೊಸ ನಾಲ್ಕು ತಂತಿಗಳನ್ನು ದಾರಕ್ಕೆ ಅಂಟಿಸಿ, ತುದಿಗಳನ್ನು ಒಂದರ ಹಿಂದೆ ಒಂದರಂತೆ ಅರ್ಧರ್ಧ ಸೆಂಟಿಮೀಟರ್ ಹಿಂದೆಮುಂದೆ ಮಾಡಿ. ನಾಲ್ಕೂ ತುದಿ ಒಂದೇ ಕಡೆ ಬಂದರೆ ಉಬ್ಬಿ, ಎಸ್ ಆಕಾರದ ಬಾಗುವಿನಲ್ಲೋ ಪಿವಟ್ಟಿನ ರಂಧ್ರದಲ್ಲೋ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಜಗ್ಗಬೇಡಿ. ಹಿಂದಕ್ಕೆ ತಂದು, ತುದಿಯನ್ನು ಇನ್ನೂ ಸಣ್ಣ ಮಾಡಿ ಮತ್ತೆ ಎಳೆಯಿರಿ. ಕೊಳವೆಯೊಳಗೆ ಹಳೆಯ ಸ್ಪಂಜು ಇದ್ದು ಈಗ ಕಪ್ಪು ಅಂಟಾಗಿದ್ದರೆ ಅದನ್ನು ಬಾಗಿಸಿದ ತಂತಿಯಿಂದ ತೆಗೆದುಹಾಕಿ. ಬದಲಿಗೆ ಹತ್ತಿ ತುರುಕಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಬೆಸುಗೆಗೆ ಸಣ್ಣ ಮೊನೆಯ 25 ವ್ಯಾಟ್ ಐರನ್ ಸಾಕು. 0.5 ಮಿ.ಮೀ. ದಪ್ಪದ, ತವರ ಶೇ. 63, ಸೀಸ ಶೇ. 37 ಇರುವ ಲೆಡ್ 183 ಡಿಗ್ರಿಗೇ ಕರಗುತ್ತದೆ. ಫ್ಲಕ್ಸ್ ರೋಸಿನ್‌ನದ್ದೇ ಆಗಬೇಕು. ಪಾತ್ರೆ, ರೇಡಿಯೇಟರ್ ಬೆಸೆಯುವ ಆ್ಯಸಿಡ್ ಪೇಸ್ಟ್ ಈ ಕೂದಲೆಳೆಯ ತಂತಿಯನ್ನು ಒಂದು ಮಳೆಗಾಲದಲ್ಲಿ ತಿಂದುಹಾಕುತ್ತದೆ. ಲಿಟ್ಜ್ ಅಥವಾ ಜಂಪರ್ ತಂತಿಯ ತುದಿಗೆ ಇನಾಮಲ್ ಇರುವುದರಿಂದ ಮೊದಲು ಆ ತುದಿಯನ್ನು ಸಿದ್ಧಮಾಡಬೇಕು. ಐರನ್ನಿನ ಮೊನೆಯಲ್ಲಿ ಲೆಡ್‌ನ ಒಂದು ದುಂಡು ಹನಿ ನಿಲ್ಲಿಸಿ, ತಂತಿಯ 3 ಮಿ.ಮೀ. ತುದಿಯನ್ನು ಅದರೊಳಗೆ ಮೂರು ನಾಲ್ಕು ಸೆಕೆಂಡು ಇಡಿ. ಸಣ್ಣ ಹೊಗೆ ಎದ್ದು ತುದಿ ಬೆಳ್ಳಗಾಗುತ್ತದೆ. ಬಿಸಿ 380-400 ಡಿಗ್ರಿ ಬೇಕು. ಆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಟ್ಟು ಮಾಡಿ. ಆಸ್ಪಿರಿನ್ ಮಾತ್ರೆಯ ಮೇಲಿಟ್ಟು ಸುಡುವ ಹಳೆಯ ಉಪಾಯದ ಹೊಗೆ ಇನ್ನೂ ಕೆಟ್ಟದ್ದು. ತುದಿ ಸಿದ್ಧವಾದ ಮೇಲೆ ಮೀಟರಿನಲ್ಲಿ ಎರಡೂ ತುದಿಗೆ ಸಂಪರ್ಕ ಇದೆಯೇ ನೋಡಿ. ಹೊರಗೆ ಹೊಳೆದರೂ ಒಳಗಿನ ಎಳೆಗಳಿಗೆ ಲೆಡ್ ಹಿಡಿಯದೆ ಇರುವುದುಂಟು.

ಆಮೇಲೆ ಪಿನ್ನಿಗೆ ಮೊದಲೇ ಲೆಡ್ ಹಚ್ಚಿಟ್ಟು, ತಂತಿಯನ್ನು ತಾಗಿಸಿ, ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ಇಡದೆ ತೆಗೆಯಿರಿ. ಹೆಚ್ಚು ಹೊತ್ತು ಇಟ್ಟರೆ ಪ್ಲಾಸ್ಟಿಕ್ ಕರಗಿ ಪಿನ್ ಓರೆಯಾಗುತ್ತದೆ, ಅದರ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಒಂದು ಪಿನ್ ಮುಗಿದ ಮೇಲೆ ಅರ್ಧ ನಿಮಿಷ ಆರಲು ಬಿಟ್ಟು ಮುಂದಿನದಕ್ಕೆ ಹೋಗಿ. ಹೆಡ್‌ಶೆಲ್ ಬಿಚ್ಚಲಾಗದ ನೇರ ಆರ್ಮ್ ಆದರೆ ಪಿನ್ನುಗಳ ಬದಲು ಕ್ಲಿಪ್ಪುಗಳಿಗೇ ಬೆಸೆಯಬೇಕಾಗುತ್ತದೆ. ಆಗ ಕ್ಲಿಪ್ಪಿನ ಬಾಯಿಗೆ ಟೂತ್‌ಪಿಕ್ ಸಿಕ್ಕಿಸಿ ಹಿಡಿಯಿರಿ, ಇಲ್ಲದಿದ್ದರೆ ಲೆಡ್ ಒಳಗೆ ಹರಿದು ಬಾಯಿ ಮುಚ್ಚಿಹೋಗುತ್ತದೆ. ಕಾರ್ಟ್ರಿಜ್‌ಗೆ ಸಿಕ್ಕಿಸಿದ ಸ್ಥಿತಿಯಲ್ಲಿ ಕ್ಲಿಪ್ಪಿಗೆ ಐರನ್ ತಾಗಿಸುವ ಯೋಚನೆಯನ್ನೇ ಮಾಡಬೇಡಿ. ಕೈ ನಡುಗುತ್ತದೆ, ಕಣ್ಣು ಸೋಲುತ್ತದೆ ಎಂದಾದರೆ ಈ ಬೆಸುಗೆಯೊಂದನ್ನು ಮಾತ್ರ ಮೊಬೈಲ್ ರಿಪೇರಿಯ ಹುಡುಗರಿಗೆ ಕೊಡಿ. ಅವರಲ್ಲಿ ಬಿಸಿ ನಿಯಂತ್ರಿಸುವ ಸ್ಟೇಷನ್ ಇರುತ್ತದೆ, ಮೈಕ್ರೋಸ್ಕೋಪ್ ಇರುತ್ತದೆ. ಇದಕ್ಕಿಂತ ಸಣ್ಣ ಬೆಸುಗೆಯನ್ನು ಅವರು ದಿನವೂ ಮಾಡುತ್ತಾರೆ.

ಪಿವಟ್ಟಿನ ಬಳಿಯ ಎರಡು ಅಂಗುಲ

ಒಳ್ಳೆಯ ರಿವೈರಿಂಗ್ ಕೆಡುವುದು ಇಲ್ಲಿ, ಹಾಗಾಗಿ ಸಮಯ ಕೊಡಿ. ನಿಮ್ಮ ಸೂಜಿ ರೆಕಾರ್ಡಿನ ಮೇಲೆ ಹಾಕುವ ಭಾರ 2 ಗ್ರಾಂ. ಪಿವಟ್ಟಿನಲ್ಲಿ ತಂತಿ ಬಿರುಸಾಗಿದ್ದು, ಸೂಜಿಯ ಜಾಗದಲ್ಲಿ 0.2 ಗ್ರಾಂನಷ್ಟು ಬದಿಗೆ ತಳ್ಳಿದರೂ ಅದು ಭಾರದ ಹತ್ತನೇ ಒಂದು ಪಾಲು. ಒಂದು ಚಾನೆಲಿನಲ್ಲಿ ಮಾತ್ರ ಗಟ್ಟಿ ಸ್ವರಗಳು ಒಡೆದು ಕೇಳುವುದು, ಒಳಸುತ್ತಿನ ಹಾಡಿಗೆ ಬಂದಾಗ ಕರ್ಕಶವಾಗುವುದು, ಸೂಜಿ ಹಾರುವುದು ಎಲ್ಲ ಇದರಿಂದ ಬರುತ್ತವೆ. ಜನ ಆಗ ಕಾರ್ಟ್ರಿಜ್ ಬೈಯುತ್ತಾರೆ.

ಕೊಳವೆಯೊಳಗೆ ಬಿಳಿ-ನೀಲಿ ಒಂದು ಜೋಡಿ, ಕೆಂಪು-ಹಸಿರು ಒಂದು ಜೋಡಿ, ಸೆಂಟಿಮೀಟರಿಗೆ ಒಂದು ಸುತ್ತಿನಂತೆ ಹೊಸೆದಿರಲಿ, ಗುಂಯ್ ಹಿಡಿಯುವುದು ತಗ್ಗುತ್ತದೆ. ಆದರೆ ಪಿವಟ್ ದಾಟುವ ಐದಾರು ಸೆಂಟಿಮೀಟರಿನಲ್ಲಿ ಹೊಸೆತ ಬಿಡಿಸಿ ನಾಲ್ಕನ್ನೂ ಸಡಿಲವಾಗಿ ಬಿಡಿ. ಆರ್ಮ್ ಯಾವ ಅಕ್ಷದ ಮೇಲೆ ತಿರುಗುತ್ತದೋ ಅದರ ನಡುವಿನಿಂದಲೇ ತಂತಿಗಳು ನೇರ ಕೆಳಗೆ ಇಳಿಯಬೇಕು. ಕೆಳಗೆ ಎರಡು ಮೂರು ಸೆಂಟಿಮೀಟರಿನ ಮೆದು ಬಾಗು ಬಿಟ್ಟು, ಆಮೇಲೆಯೇ ಕ್ಲ್ಯಾಂಪಿನಲ್ಲೋ ಚೂರು ಟೇಪಿನಲ್ಲೋ ಹಿಡಿಸಿ ಟರ್ಮಿನಲ್ಲಿಗೆ ಒಯ್ಯಿರಿ. ಬಾಗು ಕಡಿಮೆಯಾದರೆ ಆರ್ಮ್ ಒಳಗೆ ಹೋದಾಗ ತಂತಿ ಜಗ್ಗುತ್ತದೆ, ಹೆಚ್ಚಾದರೆ ಆಟೊಮ್ಯಾಟಿಕ್‌ನ ಲಿವರಿಗೆ ಸಿಕ್ಕಿ ಉಜ್ಜಿ ಇನಾಮಲ್ ಹೋಗುತ್ತದೆ. ಕೈಯಿಂದ ತಟ್ಟೆ ತಿರುಗಿಸಿ ಆಟೊಮ್ಯಾಟಿಕ್ ಒಂದು ಪೂರ್ತಿ ಸುತ್ತು ನಡೆಸಿ, ತಂತಿ ಎಲ್ಲಿಯೂ ತಾಗದೆ ಇದೆಯೇ ಎಂದು ಕಣ್ಣಾರೆ ನೋಡಿ.

ಪರೀಕ್ಷೆ ಹೀಗೆ: ಪ್ಲೇಯರನ್ನು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ. ಹೆಡ್‌ಶೆಲ್, ಕೌಂಟರ್‌ವೇಯ್ಟ್ ಹಾಕಿ, ಆರ್ಮ್ ಗಾಳಿಯಲ್ಲಿ ಸಮನಾಗಿ ತೇಲುವಂತೆ ಹೊಂದಿಸಿ. ಆ್ಯಂಟಿ-ಸ್ಕೇಟಿಂಗ್ (ಆರ್ಮ್ ಒಳಕ್ಕೆ ಜಾರದಂತೆ ಹೊರಕ್ಕೆ ಎಳೆಯುವ ವ್ಯವಸ್ಥೆ) ಸೊನ್ನೆಗೆ ಇಡಿ. ಫ್ಯಾನ್ ಆಫ್ ಇರಲಿ. ಈಗ ಆರ್ಮನ್ನು ರೆಕಾರ್ಡಿನ ಹೊರ ಅಂಚಿನ ಮೇಲೆ, ನಡುವೆ, ಒಳಗೆ ಬಿಟ್ಟು ನೋಡಿ. ಬಿಟ್ಟಲ್ಲೇ ನಿಲ್ಲಬೇಕು. ಎಲ್ಲಿ ಬಿಟ್ಟರೂ ಒಂದೇ ಕಡೆಗೆ ಮರಳಿದರೆ ತಂತಿ ತಳ್ಳುತ್ತಿದೆ. ಅಡಿಯ ಕ್ಲ್ಯಾಂಪ್ ಸಡಿಲಿಸಿ, ತಂತಿಯನ್ನು ಸ್ವಲ್ಪ ತಿರುಚಿಯೋ ಬಿಟ್ಟುಕೊಟ್ಟೋ ಮತ್ತೆ ನೋಡಿ. ಇದು ಸರಿಯಾದ ಮೇಲೆಯೇ ಭಾರವನ್ನು 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 2 ಗ್ರಾಂಗೆ ಹೊಂದಿಸಿ. ನಿಮ್ಮ ಮೂರು ಸಾವಿರದಲ್ಲಿ ಮೊದಲ ಪಾಲು ಮಲ್ಟಿಮೀಟರಿಗೆ, ಎರಡನೆಯದು ಈ ತಕ್ಕಡಿಗೆ ಹೋಗಲಿ.

ಹೊರಗಿನ ಕೇಬಲ್

ತಂತಿಯ ಲೋಹ ಬದಲಾದರೆ ಕೇಳದು ಎಂದೆ. ಕೇಬಲಿನ ಕೆಪ್ಯಾಸಿಟೆನ್ಸ್ (ವಿದ್ಯುತ್ ಚಾರ್ಜನ್ನು ಹಿಡಿದಿಡುವ ಗುಣ) ಬದಲಾದರೆ ಮಾತ್ರ ನಿಜವಾಗಿ ಕೇಳುತ್ತದೆ. ವಿಎಂ95ಇ ಕಾಯಿಲಿನ ಇಂಡಕ್ಟೆನ್ಸ್ 550 ಮಿಲಿಹೆನ್ರಿ. ಅದು ಕೇಬಲ್ ಮತ್ತು ಆಂಪ್ಲಿಫೈಯರಿನ ಕೆಪ್ಯಾಸಿಟೆನ್ಸ್ ಜೊತೆ ಸೇರಿ ಒಂದು ಆವರ್ತನದಲ್ಲಿ ಅನುರಣಿಸುತ್ತದೆ. ಒಟ್ಟು 200 ಪಿಕೊಫ್ಯಾರಡ್ ಇದ್ದರೆ 15 ಕಿಲೊಹರ್ಟ್ಸ್ ಹತ್ತಿರ, 400 ಆದರೆ 11ರ ಕೆಳಗೆ. ಆಗ ಅದು ಹಾಡಿನೊಳಗೇ ಬಂದಂತೆ. ತಾಳ, ಜಾಗಟೆ, ‘ಸ’ಕಾರ ಎಲ್ಲ ಚುಚ್ಚಿ, ಅದರ ಮೇಲಿನದ್ದು ಮಂಕಾಗುತ್ತದೆ. ಈ ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು 100ರಿಂದ 200 ಪಿಕೊಫ್ಯಾರಡ್.

ಫೋನೊ ಇನ್‌ಪುಟ್ಟಿನಲ್ಲೇ 100 ಇರುವುದು ಮಾಮೂಲು, ಆರ್ಮಿನ ತಂತಿಗೆ 20 ಹಿಡಿಯಿರಿ. ಉಳಿದದ್ದು ಕೇಬಲಿಗೆ. ಆರ್‌ಜಿ-179 ಎಂಬ ತೆಳು ಕೋಆಕ್ಸ್ (ನಡುತಂತಿಯ ಸುತ್ತ ಜಾಲರಿಯಿರುವ ಕೇಬಲ್) ಮೀಟರಿಗೆ ಸುಮಾರು 64 ಪಿಕೊಫ್ಯಾರಡ್, ಒಳಗಿನ ಟೆಫ್ಲಾನ್ ಐರನ್ನಿನ ಬಿಸಿಗೆ ಕರಗುವುದಿಲ್ಲ. ಸಿಕ್ಕಿದರೆ ಅದೇ ಒಂದು ಮೀಟರ್. ಸುಲಭವಾಗಿ ಸಿಗುವುದು ಆರ್‌ಜಿ-174, ಮೀಟರಿಗೆ ಸುಮಾರು 100. ಅದಾದರೆ 70 ಸೆಂಟಿಮೀಟರಿಗೆ ಕತ್ತರಿಸಿ ಆಂಪ್ಲಿಫೈಯರನ್ನು ಹತ್ತಿರ ಇಡಿ. ಬೆಸೆಯುವಾಗ ಬೇಗ ಕೈ ತೆಗೆಯಿರಿ, ಅದರ ಒಳಗಿನ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಜಾಲರಿಗೆ ತಾಗಿಬಿಡುತ್ತದೆ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತವೆ. ಡಿಶ್ ಟಿವಿಯ ಆರ್‌ಜಿ-6, ಸಿಸಿಟಿವಿಯ ತ್ರೀ-ಪ್ಲಸ್-ವನ್ ಮನೆಯಲ್ಲಿ ಮಿಕ್ಕಿದ್ದರೂ ಬೇಡ. ಜಾಲರಿ ಸಾಮಾನ್ಯವಾಗಿ ಅಲ್ಯುಮಿನಿಯಂನದ್ದು, ಲೆಡ್ ಹಿಡಿಯುವುದಿಲ್ಲ. ಹಳೆಯ ಕೇಬಲ್ ಮೀಟರಿನಲ್ಲಿ ಸರಿಯಿದ್ದರೆ ಅದನ್ನೂ ಬಿಡಿ. ಬುಡದಲ್ಲಿ ಮಾತ್ರ ಬಿರಿದಿದ್ದರೆ ಐದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸೆದರೆ ಸಾಕು. ಹೊರಬರುವ ತೂತಿನ ಒಳಗಡೆ ಕೇಬಲ್ ಟೈ ಹಾಕಿ, ಯಾರಾದರೂ ಎಡವಿದರೆ ಜಗ್ಗು ಟರ್ಮಿನಲ್ಲಿಗೆ ಹೋಗಬಾರದು.

ಎಲ್ಲ ಮುಗಿದ ಮೇಲೆ, ಕಾರ್ಟ್ರಿಜ್ ಹಾಕುವ ಮೊದಲು ಮೀಟರಿನಲ್ಲಿ ಕೊನೆಯ ಸುತ್ತು. ಬಿಳಿಯಿಂದ ಎಡ ಆರ್‌ಸಿಎಯ ನಡುಪಿನ್, ನೀಲಿಯಿಂದ ಅದರ ಹೊರಸುತ್ತು, ಕೆಂಪಿನಿಂದ ಬಲದ ನಡುಪಿನ್, ಹಸಿರಿನಿಂದ ಅದರ ಹೊರಸುತ್ತು. ಒಂದಕ್ಕೊಂದು ತಾಗಿರಬಾರದು, ಯಾವುದೂ ಆರ್ಮಿನ ಕೊಳವೆಗೂ ತಾಗಿರಬಾರದು. ಎರಡನೆಯ ಮಾತಿಗೆ ಹೊರತಾದವುಗಳೂ ಇವೆ. ರೇಗಾ ಆರ್‌ಬಿ250, ಆರ್‌ಬಿ300 ಆರ್ಮುಗಳಲ್ಲಿ ಪ್ರತ್ಯೇಕ ಅರ್ತ್ ವಯರೇ ಇಲ್ಲ, ಕೊಳವೆಯನ್ನು ಎಡದ ಗ್ರೌಂಡಿಗೇ ಸೇರಿಸಿರುತ್ತಾರೆ. ಅಂಥದ್ದನ್ನು ರಿವೈರ್ ಮಾಡುವವರು ಆ ಕೊಂಡಿ ಬಿಡಿಸಿ ಐದನೆಯ ತಂತಿ ಕೊಡುವುದು ವಾಡಿಕೆ.

ಬಳಿಕ ಒಂದು ಮೋನೊ ರೆಕಾರ್ಡ್ ಹಾಕಿ. ಹಳೆಯ ಕನ್ನಡ ಸಿನಿಮಾ ಹಾಡಿನ ತಟ್ಟೆಗಳು ಬಹುಪಾಲು ಮೋನೊ. ಹಾಡುವವರ ದನಿ ಎರಡು ಸ್ಪೀಕರಿನ ನಟ್ಟನಡುವಿನಿಂದ ಬರಬೇಕು. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದೆ ಹರಡಿ, ಬಾಸ್ ಬಡವಾಗಿದ್ದರೆ ಒಂದು ಚಾನೆಲಿನಲ್ಲಿ ಸಿಗ್ನಲ್-ಗ್ರೌಂಡ್ ಅದಲು ಬದಲಾಗಿದೆ. ಎಡ-ಬಲವೇ ಅದಲು ಬದಲಾಗಿದ್ದರೆ ಮೋನೊದಲ್ಲಿ ಗೊತ್ತಾಗದು, ಅದಕ್ಕೆ ಸ್ಟೀರಿಯೊ ರೆಕಾರ್ಡ್ ಬೇಕು. 78ರ ಕಪ್ಪು ಶೆಲ್ಯಾಕ್ ತಟ್ಟೆಗಳನ್ನು ಮಾತ್ರ ಪರೀಕ್ಷೆಗೂ ಈ ಸೂಜಿಯಲ್ಲಿ ಹಾಕಬೇಡಿ, ಅವುಗಳ ಗೀರು ಅಗಲ, ಸೂಜಿ ಬೇರೆಯೇ ಬೇಕು.

ಕೇಳದ ಒಂದು ಮಾತು: ದೊಡ್ಡಪ್ಪ ಇದ್ದದ್ದು ಸೌದಿಯಲ್ಲಾದರೆ ಪ್ಲೇಯರಿನ ಹಿಂದಿನ ವೋಲ್ಟೇಜ್ ಸೆಲೆಕ್ಟರನ್ನು ಇವತ್ತೇ ನೋಡಿ. ಅಲ್ಲಿ ಮನೆಗಳಿಗೆ 127 ವೋಲ್ಟ್ ಇತ್ತು, ಆವರ್ತನ 60 ಹರ್ಟ್ಸ್. ಎಸಿ ಸಿಂಕ್ರೊನಸ್ (ಕರೆಂಟಿನ ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವ) ಮೋಟಾರಿನದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ 33⅓ರ ಬದಲು 28ರ ಸುತ್ತಮುತ್ತ ತಿರುಗುತ್ತದೆ, ಹಾಡು ಎಳೆದೆಳೆದು ಬರುತ್ತದೆ. ಅದಕ್ಕೆ 50 ಹರ್ಟ್ಸ್‌ನ ದೊಡ್ಡ ಪುಲ್ಲಿ ಹಾಕಬೇಕು. ಡೈರೆಕ್ಟ್ ಡ್ರೈವ್ ಅಥವಾ ಡಿಸಿ ಮೋಟಾರ್ ಆದರೆ ವೋಲ್ಟೇಜ್ ಮಾತ್ರ ಸರಿಪಡಿಸಿದರೆ ಸಾಕು.